ಆ ರಫ್ ನೋಟ್‌ಬುಕ್ ಎಸೆಯಬೇಡಿ

ಹೋದ ವಾರ ಹುಲೇಕಲ್ ಕಡೆಯ ಒಬ್ಬ ಹುಡುಗಿ ಅಪ್ಪನ ಜೊತೆ ಶಿರಸಿಯ ನಮ್ಮನೆಗೆ ಬಂದಿದ್ದಳು. ಸೆಕೆಂಡ್ ಪಿಯುಸಿ. ಗ್ರಾಫಿಕ್ ಡಿಸೈನ್ ಓದುವ ಆಸೆ. "ಪೋರ್ಟ್‌ಫೋಲಿಯೊ ಒಂಚೂರು ನೋಡಿ ಅಕ್ಕಾ" ಅಂತ ಕಾಲೇಜಿಗೆ ತೋರಿಸಲು ತನ್ನ ಕೆಲಸಗಳನ್ನೆಲ್ಲ ಸೇರಿಸಿದ ದಪ್ಪ ಫೈಲ್ ಕೈಗಿಟ್ಟಳು. ಸಿನಿಮಾ ನಟರ ಪೆನ್ಸಿಲ್ ಮುಖಗಳು ಆರು. ಸೂರ್ಯಾಸ್ತ, ತೆಂಗಿನ ಮರ, ದೋಣಿ. ನೆಟ್‌ನಲ್ಲಿ ನೋಡಿ ಮಾಡಿದ ಕಾಫಿ ಕಪ್ಪಿನ ಲೋಗೊ. ಕೈ ಚೆನ್ನಾಗಿದೆ, ಶೇಡಿಂಗ್ ಚೆನ್ನಾಗಿದೆ. ಆದರೆ ಇಪ್ಪತ್ತು ಪುಟದಲ್ಲಿ ಅವಳು ಎಲ್ಲೂ ಕಾಣಲಿಲ್ಲ.

ಬೇರೆ ಏನಾದರೂ ಇದೆಯಾ ಅಂತ ಕೇಳಿದೆ. ಸಂಕೋಚದಿಂದಲೇ ಬ್ಯಾಗಿನಿಂದ ಒಂದು ಗೆರೆಯ ನೋಟ್‌ಬುಕ್ ತೆಗೆದಳು. "ಇದು ರಫ್ ಅಕ್ಕಾ, ಸುಮ್ನೆ ಗೀಚಿದ್ದು."

ಅವಳ ಅಜ್ಜಿಗೆ ಓದಲು ಬರುವುದಿಲ್ಲ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಪ್ರತಿ ಸಲ "ಇದು ಎಲ್ಲಿಗೆ ಹೋಗ್ತದೆ ತಮ್ಮಾ" ಅಂತ ಕಂಡಕಂಡವರನ್ನು ಕೇಳಬೇಕು. ಅದಕ್ಕೆ ಈ ಹುಡುಗಿ ಅಜ್ಜಿಗೆ ಅರ್ಥವಾಗುವ ಬೋರ್ಡ್ ಬರೆಯಲು ಹೊರಟಿದ್ದಾಳೆ. ಮೊದಲ ಪುಟದಲ್ಲಿ ಬನವಾಸಿಗೆ ದೇವಸ್ಥಾನ, ಸೋಂದೆಗೆ ಮಠ. ಪಕ್ಕದಲ್ಲಿ ಅಜ್ಜಿಯ ಮಾತು: "ಎಲ್ಲಾ ಒಂದೇ ಥರ ಕಾಣ್ತದಲ್ಲೇ." ಎರಡನ್ನೂ ಹೊಡೆದು ಹಾಕಿದ್ದಾಳೆ. ಮುಂದಿನ ಪುಟದಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ಬಣ್ಣದ ಪಟ್ಟಿ. ಆಮೇಲೆ ಯಾಣಕ್ಕೆ ಎರಡು ಕಪ್ಪು ಬಂಡೆ, ಬೇರೇನೂ ಇಲ್ಲ. ಅದನ್ನು ಜಗಲಿಯ ಕಂಬಕ್ಕೆ ಅಂಟಿಸಿ, ಅಜ್ಜಿಯನ್ನು ಅಂಗಳದಲ್ಲಿ 15 ಹೆಜ್ಜೆ ದೂರ ನಿಲ್ಲಿಸಿದ್ದಾಳೆ. ಅಜ್ಜಿ ತಕ್ಷಣ ಹೇಳಿದರಂತೆ. ತಾರೀಕಿನ ಸಮೇತ ಬರೆದಿಟ್ಟಿದ್ದಾಳೆ.

ಇದೇ ಪೋರ್ಟ್‌ಫೋಲಿಯೊ ಅಂದೆ. ಅಪ್ಪನಿಗೆ ಗಾಬರಿ. "ಕಾಟು ಹೊಡೆದಿದ್ದನ್ನೆಲ್ಲ ತೋರಿಸಿದರೆ ಏನು ತಿಳ್ಕೊಳ್ತಾರೆ?"

ಅವರ ಭಯ ನನಗೆ ಗೊತ್ತು. ನಾನು ಕುಮಟಾದಿಂದ ಸಂದರ್ಶನಕ್ಕೆ ಹೋದಾಗ ಒಂದೂ ಕಲೆಯಿಲ್ಲದ ನಲವತ್ತು ಹಾಳೆ ಒಯ್ದಿದ್ದೆ. ಎಲ್ಲಾ ನಕಲು. "ಇದನ್ನು ಯಾಕೆ ಬರೆದಿರಿ?" ಅಂತ ಒಬ್ಬ ಮೇಡಂ ಮೆತ್ತಗೆ ಕೇಳಿದರು. ಉತ್ತರ ಇರಲಿಲ್ಲ. ಆ ವರ್ಷ ಸೀಟು ಸಿಗಲಿಲ್ಲ. ತಪ್ಪು ಏನು ಅಂತ ಹೇಳುವವರು ಊರಿನಲ್ಲಿ ಯಾರೂ ಇರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಎಲ್ಲಾ ಕಡೆ ಪೋರ್ಟ್‌ಫೋಲಿಯೊ ಕೇಳುವುದಿಲ್ಲ. ಐಐಟಿಗಳ ಡಿಸೈನ್ ಪದವಿ ಬಿ.ಡಿಸ್‌ಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಯ ಅಂಕವೇ ಲೆಕ್ಕ. 1961ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ರಾಷ್ಟ್ರೀಯ ಡಿಸೈನ್ ಸಂಸ್ಥೆ ಎನ್‌ಐಡಿಗೆ ಪ್ರಿಲಿಮ್ಸ್, ಮೇನ್ಸ್ ಅಂತ ಪರೀಕ್ಷೆಯ ಎರಡು ಹಂತ. ಪೋರ್ಟ್‌ಫೋಲಿಯೊ ಕೇಳುವ ಖಾಸಗಿ ಕಾಲೇಜುಗಳಿಗೆ ಅರ್ಜಿ ಹಾಕುವ ಮುಂಚೆ ಆ ವರ್ಷದ ಸೂಚನೆ ಓದಿಕೊಳ್ಳಿ. ದುಡ್ಡು ಕೊಟ್ಟು ಮಾತ್ರ ಯಾರಿಂದಲೂ ಮಾಡಿಸಬೇಡಿ. ಒಂದೇ ಕೋಚಿಂಗಿನ ಮೂರು ಮಕ್ಕಳ ಫೈಲಿನಲ್ಲಿ ಒಂದೇ ಪೋಸ್ಟರ್ ಕಂಡಿದ್ದೇನೆ. ಹೊಟ್ಟೆ ಉರಿಯಿತು.

ನಮ್ಮ ಕಡೆ ಏನಿದೆ ಅಂತ ಮಕ್ಕಳು ಕೇಳ್ತಾರೆ. ಮಾರಿಕಾಂಬಾ ದೇವಸ್ಥಾನದ ಕಾವಿ ಕಲೆಯ ಗೋಡೆ ಮುಂದೆ ಅರ್ಧ ಗಂಟೆ ನಿಲ್ಲಿ. ಹಸಿ ಸುಣ್ಣದ ಗಾರೆ ಮೇಲೆ ಕೆಂಪು ಕಾವಿ ಬಳಿದು, ಬೇಕಾದಲ್ಲಿ ಕೆರೆದು ಒಳಗಿನ ಬಿಳಿ ಕಾಣಿಸುವ ಕೆಲಸ ಅದು. ಎರಡೇ ಬಣ್ಣ. ಅಷ್ಟರಲ್ಲೇ ಬಳ್ಳಿ, ದೇವರು, ಅಂಚು ಎಲ್ಲಾ ಬಂದಿದೆ. ನೋಡಿಕೊಂಡು ಬಂದು, ಎರಡೇ ಬಣ್ಣದಲ್ಲಿ ನಿಮ್ಮೂರ ಯಕ್ಷಗಾನಕ್ಕೆ ಒಂದು ಪೋಸ್ಟರ್ ಮಾಡಿ. ಮನೆಯಲ್ಲಿ ಅಡಿಕೆ ಇದ್ದರೆ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಅಂತ ಬೇರೆ ಮಾಡುವುದನ್ನು ಹೊಸಬರಿಗೆ ತೋರಿಸುವ ಒಂದು ಚಾರ್ಟ್ ಮಾಡಿ. ವ್ಯತ್ಯಾಸವನ್ನು ಕಣ್ಣಿಗೆ ಕಾಣಿಸುವುದೂ ಗ್ರಾಫಿಕ್ ಡಿಸೈನೇ ಅಲ್ವಾ?

ದಯವಿಟ್ಟು ಕನ್ನಡ ಅಕ್ಷರ ಬರೆಯಿರಿ. ನಾನು ನೋಡಿದ ಹೆಚ್ಚಿನ ಫೈಲುಗಳಲ್ಲಿ ಒಂದೂ ಇರುವುದಿಲ್ಲ, ನೋವಾಗುತ್ತದೆ. ಇಂಗ್ಲಿಷಿಗೆ ಬಿಟ್ಟಷ್ಟೇ ಜಾಗ ಸಾಲುಗಳ ನಡುವೆ ಬಿಟ್ಟರೆ 'ಸ್ತ್ರೀ', 'ರಾಷ್ಟ್ರ' ಇಂಥ ಪದಗಳ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇದನ್ನು ಕೈಯಾರೆ ಬರೆದು, ಎಡವಿ, ಸರಿ ಮಾಡಿದ ಪುಟ ನಿಮ್ಮ ಬಗ್ಗೆ ಎಷ್ಟೋ ಹೇಳುತ್ತದೆ.

ಫೋಟೋ ಹಗಲು ಬೆಳಕಿನಲ್ಲಿ ಜಗಲಿ ಮೇಲೆ ತೆಗೆಯಿರಿ, ಟ್ಯೂಬ್‌ಲೈಟ್ ಕೆಳಗೆ ಬೇಡ. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಹಿಡಿಯುತ್ತದೆ, ಬರೆದ ಕೂಡಲೇ ಸ್ಕ್ಯಾನ್ ಮಾಡಿಸಿ.

ಹುಡುಗಿ ನಿನ್ನೆ ಮೆಸೇಜ್ ಮಾಡಿದ್ದಳು. ನೋಟ್‌ಬುಕ್ ಹಾಗೇ ಇಡ್ತಾಳಂತೆ, ಕಾಟು ಸಮೇತ. ಕುಮಟಾ ಬೋರ್ಡಿಗೆ ಮಾತ್ರ ಚಿತ್ರ ಸಿಕ್ಕಿಲ್ಲ. ಅಜ್ಜಿಯನ್ನು ಕೇಳಿದರೆ ಮೊದಲು "ಮೀನು ಬರಿ" ಅಂದರಂತೆ. ಸ್ವಲ್ಪ ಹೊತ್ತಿಗೆ ಅವರೇ, "ಹಂಗಾದ್ರೆ ಕಾರವಾರದ ಬಸ್ಸಿಗೆ ಎಂತ ಬರಿತಿ?" ಅಂತ ಕೇಳಿದರಂತೆ.