‘ಸಮಾನ ಅಥವಾ ಮೇಲ್ದರ್ಜೆಯ ಪ್ರೊಸೆಸರ್’ ಎಂದು ಬರೆದು ಕೈತೊಳೆದುಕೊಳ್ಳುವವರಿಗೆ

ಕೊಟೇಷನ್ನಿನ ಕೊನೆಯ ಸಾಲಿನಲ್ಲಿ ‘ಸಮಾನ ಅಥವಾ ಮೇಲ್ದರ್ಜೆಯ ಪ್ರೊಸೆಸರ್’ ಎಂದು ಸಣ್ಣ ಅಕ್ಷರದಲ್ಲಿ ಬರೆದು, ನಾವು ಕೇಳಿದ್ದ ಮಾದರಿಯ ಬದಲು ದಾಸ್ತಾನಿನಲ್ಲಿ ಇದ್ದದ್ದನ್ನು ತಂದು ಜೋಡಿಸಿ ಹೋಗುವ ಸರಬರಾಜುದಾರರ ಮೇಲೆ ನನಗೆ ಬಂದಿರುವ ಸಿಟ್ಟು ಹದಿನೈದು ದಿನ ಕಳೆದರೂ ಇಳಿದಿಲ್ಲ. ಮೈಸೂರಿನ ಸರಸ್ವತಿಪುರಂನ ಸಣ್ಣ ಕಚೇರಿಯೊಂದರಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಂಡ್ಯದ ಕೆಲವು ಬೆಲ್ಲದ ವರ್ತಕರ ತೂಕದ ಚೀಟಿಗಳು, ರೈತರಿಗೆ ಸಲ್ಲಬೇಕಾದ ಹಣದ ಲೆಕ್ಕಗಳು ನಮ್ಮಲ್ಲಿರುವ ಒಂದು ವರ್ಚುವಲ್ ಮಷೀನಿನಲ್ಲಿ, ಅಂದರೆ ಸರ್ವರಿನೊಳಗೆ ತಂತ್ರಾಂಶವೇ ರೂಪಿಸಿದ ಕಂಪ್ಯೂಟರಿನಲ್ಲಿ, ನಡೆಯುತ್ತವೆ. ಬೆಳಗಾಗುತ್ತಲೇ ಮಂಡಿಯಲ್ಲಿ ಬೆಲ್ಲ ಇಳಿಯುತ್ತದೆ; ಆ ಹೊತ್ತಿಗೆ ಚೀಟಿ ಬಾರದಿದ್ದರೆ ರೈತ ಕಾಯುತ್ತಾ ನಿಲ್ಲಬೇಕಾಗುತ್ತದೆ.

ಹಳೆಯ ಸರ್ವರಿನ ಮೆಮೊರಿಯ ಬಿಡಿಭಾಗವೊಂದು ದೋಷ ತೋರಿಸತೊಡಗಿದ್ದರಿಂದ, ಅದನ್ನು ಬದಲಿಸುವ ಮೊದಲು ಆ ವರ್ಚುವಲ್ ಮಷೀನನ್ನು ಹೊಸ ಸರ್ವರಿಗೆ ಸಾಗಿಸಬೇಕಿತ್ತು. ಹಳೆಯದರಲ್ಲಿ ಇಂಟೆಲ್ ಕಂಪನಿಯ ಝಿಯಾನ್ ಪ್ರೊಸೆಸರ್ ಇದೆ, ಹೊಸದರಲ್ಲಿ ಅದರ ಪ್ರತಿಸ್ಪರ್ಧಿ ಎಎಂಡಿಯ ಎರಡನೆಯ ತಲೆಮಾರಿನ ಎಪಿಕ್ ಬಂದಿದೆ, ಓಡುತ್ತಿರುವಂತೆಯೇ ಸಾಗಿಸಬಹುದೇ ಎಂದು ಸರಬರಾಜುದಾರರ ಎಂಜಿನಿಯರನ್ನು ನಾನು ಸ್ಪಷ್ಟವಾಗಿಯೇ ಕೇಳಿದ್ದೆ. “ಏನೂ ಆಗಲ್ಲ ಸಾರ್, ಎರಡೂ ಅರವತ್ನಾಲ್ಕು ಬಿಟ್ಟೇ, ಆರಾಮಾಗಿ ಹೋಗುತ್ತೆ” ಎಂದರು. ರಾತ್ರಿ ಹನ್ನೊಂದಕ್ಕೆ ಆರಂಭಿಸಿದೆ. ನೂರಕ್ಕೆ ನೂರು ಮುಗಿಯಿತು, ಯಶಸ್ವಿಯಾಯಿತು ಎಂಬ ಸಂದೇಶವೂ ಬಂತು. ಆದರೆ ಅತ್ತ ಕಡೆ ವರ್ಚುವಲ್ ಮಷೀನು ಉಸಿರೆತ್ತಲಿಲ್ಲ. ಪರದೆ ನಿಂತಲ್ಲೇ ನಿಂತಿತ್ತು, ಪ್ರೊಸೆಸರ್ ಮಾತ್ರ ಪೂರ್ತಿ ಬಳಕೆಯಲ್ಲಿದೆಯೆಂದು ತೋರಿಸುತ್ತಿತ್ತು. ಕೊನೆಗೆ ಅದನ್ನು ಬಲವಂತವಾಗಿ ಆರಿಸಬೇಕಾಯಿತು. ಆ ಸಂಜೆ ಮಂಡಿಯಿಂದ ಬಂದು, ಇನ್ನೂ ಡಿಸ್ಕಿಗೆ ಇಳಿಯದೆ ಮೆಮೊರಿಯ ಸರದಿಯಲ್ಲಿದ್ದ 37 ಚೀಟಿಗಳ ನಮೂದು ಅಲ್ಲಿಯೇ ಹೋಯಿತು.

ಓಡುತ್ತಿರುವ ವರ್ಚುವಲ್ ಮಷೀನನ್ನು ಸಾಗಿಸುವುದು ಕಡತವನ್ನು ನಕಲು ಮಾಡಿದಷ್ಟು ಸುಲಭವಲ್ಲ. ಅದು ಕೆಲಸ ಮಾಡುತ್ತಿರುವಾಗಲೇ ಮೆಮೊರಿಯ ಪುಟಗಳನ್ನೆಲ್ಲ ಒಂದು ಸುತ್ತು ಕಳಿಸಬೇಕು, ಅಷ್ಟರಲ್ಲಿ ಬದಲಾದ ಪುಟಗಳನ್ನು ಮತ್ತೆ ಕಳಿಸಬೇಕು, ಉಳಿದದ್ದು ಅಲ್ಪವಾದಾಗ ಅರೆಗಳಿಗೆ ನಿಲ್ಲಿಸಿ, ಪ್ರೊಸೆಸರಿನ ಒಳಗಿನ ಪುಟ್ಟ ಸಂಗ್ರಹಗಳಾದ ರಿಜಿಸ್ಟರುಗಳ ಸಮೇತ ಇನ್ನೊಂದು ಯಂತ್ರದಲ್ಲಿ ಎಬ್ಬಿಸಬೇಕು. 2005ರಲ್ಲಿ ಕೇಂಬ್ರಿಡ್ಜ್ ಮತ್ತು ಕೋಪನ್‌ಹೇಗನ್ನಿನ ಸಂಶೋಧಕರು ವರ್ಚುವಲ್ ಮಷೀನುಗಳನ್ನು ನಡೆಸುವ ಕ್ಸೆನ್ ಎಂಬ ತಂತ್ರಾಂಶದ ಮೇಲೆ ಇದನ್ನು ಮಾಡಿ ತೋರಿಸಿದಾಗ ನಿಲುಗಡೆಯ ಅವಧಿ 60 ಮಿಲಿಸೆಕೆಂಡಿನವರೆಗೆ ಇಳಿದಿತ್ತು. ಆದರೆ ಎಬ್ಬಿಸುವ ಯಂತ್ರಕ್ಕೆ ಮಲಗಿಸಿದ ಯಂತ್ರದ ಭಾಷೆ ಪೂರ್ತಿಯಾಗಿ ಬರಬೇಕು. ನಿನಗೆ ಯಾವ ಯಾವ ಆದೇಶಗಳು ಬರುತ್ತವೆ ಎಂದು ಆಪರೇಟಿಂಗ್ ಸಿಸ್ಟಮ್ ಪ್ರೊಸೆಸರನ್ನು ಕೇಳುವುದು ತಾನು ಏಳುವಾಗ. ಲಿನಕ್ಸಿನಲ್ಲಿ ಪ್ರೋಗ್ರಾಮುಗಳೆಲ್ಲ ಬಳಸುವ ಸಿದ್ಧ ಸಂಕೇತಗಳ ಸಂಗ್ರಹವಾದ ಸಿ ಲೈಬ್ರರಿ ಮೆಮೊರಿ ನಕಲು ಮಾಡುವಂಥ ಕೆಲಸಗಳಿಗೆ ಅತಿ ವೇಗದ ಆದೇಶಗಳನ್ನು ಆರಿಸಿಕೊಳ್ಳುವುದೂ ಪ್ರೋಗ್ರಾಮು ಶುರುವಾಗುವಾಗಲೇ. ಒಮ್ಮೆ ಸಿಕ್ಕ ಉತ್ತರವನ್ನು ನಂಬಿಕೊಂಡು ಅವು ತಿಂಗಳುಗಟ್ಟಲೆ ಓಡುತ್ತವೆ. ನಡುರಾತ್ರಿ ಕಾಲಡಿಯ ನೆಲ ಬದಲಾಯಿತೆಂದು ಅವಕ್ಕೆ ತಿಳಿಸುವವರು ಯಾರು?

ನಮ್ಮ ಹಳೆಯ ಝಿಯಾನ್‌ನಲ್ಲಿ ಒಂದೇ ಬಾರಿಗೆ ಹಲವು ಅಂಕಿಗಳ ಮೇಲೆ ಕೆಲಸ ಮಾಡುವ ಎವಿಎಕ್ಸ್-512 ಆದೇಶಗಳಿವೆ. ಇಂಟೆಲ್ ಅವನ್ನು 2017ರಲ್ಲಿಯೇ ಸರ್ವರ್ ಪ್ರೊಸೆಸರುಗಳಿಗೆ ತಂದಿತ್ತು. ಎಎಂಡಿಯಲ್ಲಿ ಅವು ಬಂದದ್ದು 2022ರಲ್ಲಿ, ಝೆನ್ 4 ಎಂಬ ತಲೆಮಾರಿನ ಜೊತೆಗೆ. ಅಂದರೆ ‘ಮೇಲ್ದರ್ಜೆಯದು’ ಎಂದು ನಮಗೆ ಕೊಟ್ಟ ಪ್ರೊಸೆಸರ್ ಹೆಚ್ಚು ಕೋರ್‌ಗಳುಳ್ಳದ್ದೂ ಹೌದು, ಹೊಸದೂ ಹೌದು, ಆದರೂ ಹಳೆಯದಕ್ಕೆ ಬರುತ್ತಿದ್ದ ಆದೇಶಗಳು ಅದಕ್ಕೆ ಬರುವುದಿಲ್ಲ. ವೇಗದ ಪಟ್ಟಿಯಲ್ಲಿ ಮೇಲಿರುವುದೇ ಬೇರೆ, ಹಳೆಯದರ ಕೆಲಸವನ್ನು ಅರ್ಧದಲ್ಲಿ ಕೈಗೆತ್ತಿಕೊಳ್ಳಬಲ್ಲುದೇ ಬೇರೆ. ಒಂದೇ ಕಂಪನಿಯ ಎರಡು ತಲೆಮಾರುಗಳ ನಡುವೆಯೂ ಈ ವ್ಯತ್ಯಾಸಗಳಿರುತ್ತವೆ ಎಂಬ ಕಾರಣಕ್ಕೇ ವರ್ಚುವಲ್ ಮಷೀನು ನಡೆಸುವ ತಂತ್ರಾಂಶದ ವಿಎಂವೇರ್ ಎಲ್ಲ ಯಂತ್ರಗಳನ್ನೂ ಒಂದು ಕನಿಷ್ಠ ಮಟ್ಟಕ್ಕೆ ಕಟ್ಟಿಹಾಕುವ ಇವಿಸಿ ಎಂಬ ವ್ಯವಸ್ಥೆಯನ್ನು ಇಟ್ಟಿದೆ; ಅದು ಕೂಡ ಇಂಟೆಲ್‌ನಿಂದ ಎಎಂಡಿಗೆ ದಾಟಿಸುವುದಿಲ್ಲವೆಂದು ಅವರ ಕೈಪಿಡಿಯೇ ಹೇಳುತ್ತದೆ. ಸರ್ವರ್ ಮಾರಿ ಹೊಟ್ಟೆ ಹೊರೆಯುವವರಿಗೆ ಇದು ತಿಳಿಯದ ವಿಷಯವೆಂದು ನಾನು ಒಪ್ಪಲಾರೆ.

ಇದಕ್ಕಿಂತ ನೋವಿನ ಸಂಗತಿ ಬೆಳಗಿನ ಜಾವ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ನೋಡುವಾಗ ತಿಳಿಯಿತು. ಮೂರು ವರ್ಷದ ಹಿಂದೆ ಇದೇ ಸರಬರಾಜುದಾರರು ವರ್ಚುವಲ್ ಮಷೀನುಗಳನ್ನು ನಡೆಸುವ ನಮ್ಮ ಕೆವಿಎಂ ವ್ಯವಸ್ಥೆಯನ್ನು ಹೊಂದಿಸಿಕೊಟ್ಟಾಗ, ಹೊರಗಿನ ಸರ್ವರಿನ ನಿಜವಾದ ಪ್ರೊಸೆಸರಿನ ಗುಣಗಳೆಲ್ಲ ಹಾಗೆಯೇ ಒಳಗಿನ ಮಷೀನಿಗೆ ಕಾಣುವ ‘ಹೋಸ್ಟ್’ ಎಂಬ ಬಗೆಯನ್ನು ಆರಿಸಿದ್ದರು. ವೇಗಕ್ಕೆ ಅದು ಒಳ್ಳೆಯದು, ಬೇರೆ ಬಗೆಯ ಯಂತ್ರಕ್ಕೆ ಸಾಗಿಸುವುದಕ್ಕೆ ಅತ್ಯಂತ ಕೆಟ್ಟದ್ದು. ಅದನ್ನು ನಮಗೆ ಬಾಯಿಮಾತಿನಲ್ಲೂ ತಿಳಿಸಲಿಲ್ಲ, ಕೊಟ್ಟ ಕಾಗದಗಳಲ್ಲೂ ಬರೆಯಲಿಲ್ಲ.

ಹಾಗೆಂದು ದಾರಿಯೇ ಇರಲಿಲ್ಲವೇ? ವರ್ಚುವಲ್ ಮಷೀನನ್ನು ಕ್ರಮವಾಗಿ ಆರಿಸಿ, ಪ್ರೊಸೆಸರಿನ ಬಗೆಯನ್ನು ಎರಡೂ ಪ್ರೊಸೆಸರುಗಳಿಗೆ ಬರುವ ಆದೇಶಗಳಷ್ಟೇ ಇರುವ ಎಕ್ಸ್86-64-ವಿ2 ಎಂಬ ಮಟ್ಟಕ್ಕೆ ಇಳಿಸಿ, ಹೊಸ ಸರ್ವರಿನಲ್ಲಿ ಮೊದಲಿನಿಂದ ಏಳಿಸಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆ ಬೆಳಗಿನ ಜಾವ ನಾಲ್ಕು ಗಂಟೆಗೆ ನಾನು ಮಾಡಿದ್ದೂ ಅದನ್ನೇ. ಹಿಡಿದದ್ದು ಇಪ್ಪತ್ತು ನಿಮಿಷ. “ಓಡುತ್ತಿರುವಾಗ ಬೇಡ, ಆರಿಸಿ ಸಾಗಿಸಿ” ಎಂಬ ಒಂದು ಮಾತು ಮೊದಲೇ ಸಿಕ್ಕಿದ್ದರೆ ವರ್ತಕರಿಗೆ ಹಿಂದಿನ ದಿನವೇ ತಿಳಿಸಿ, ಭಾನುವಾರ ಮಧ್ಯಾಹ್ನ ನಿಶ್ಚಿಂತೆಯಿಂದ ಮುಗಿಸುತ್ತಿದ್ದೆ. ತಂತ್ರಜ್ಞಾನದ ಮಿತಿಯ ಮೇಲೆ ನನಗೆ ಕೋಪವಿಲ್ಲ. ತಿಳಿಯದಿದ್ದರೆ ‘ಕೇಳಿ ಹೇಳುತ್ತೇನೆ’ ಎನ್ನಬಹುದಿತ್ತು. ಅದನ್ನು ಬಿಟ್ಟು ‘ಏನೂ ಆಗಲ್ಲ’ ಎಂದು ಧೈರ್ಯ ತುಂಬಿದ್ದನ್ನು ನಾನು ಕ್ಷಮಿಸಲಾರೆ.

ಆರು ಗಂಟೆಗೆ ಮಂಡಿಯ ಗುಮಾಸ್ತರೊಬ್ಬರು ಫೋನು ಮಾಡಿ, “ಏನ್ ಸ್ವಾಮಿ, ನಿನ್ನೆ ಸಂಜೆ ಹಾಕಿದ್ದ ಒಂದು ಚೀಟಿನೂ ಕಾಣ್ತಿಲ್ವಲ್ಲ” ಎಂದರು. ಅರವತ್ತು ದಾಟಿದ ಹಿರಿಯರು ಅವರು. ಕಾಗದದ ಪ್ರತಿಗಳನ್ನು ಮುಂದಿಟ್ಟುಕೊಂಡು 37 ಚೀಟಿಗಳನ್ನೂ ಮತ್ತೆ ಒಂದೊಂದಾಗಿ ಕುಟ್ಟಿದರು, ನನ್ನನ್ನು ಒಂದು ಮಾತೂ ಬೈಯಲಿಲ್ಲ. ಸರಬರಾಜುದಾರರಿಗೆ ಎಲ್ಲವನ್ನೂ ವಿವರಿಸಿ ಬರೆದ ಪತ್ರಕ್ಕೆ ಈ ಸೋಮವಾರ ಉತ್ತರ ಬಂದಿದೆ: ‘ಒಪ್ಪಂದದಂತೆ ಮೇಲ್ದರ್ಜೆಯ ಪ್ರೊಸೆಸರನ್ನೇ ಪೂರೈಸಲಾಗಿದೆ’ ಎಂಬ ಒಂದು ಸಾಲು, ಅದರ ಜೊತೆಗೆ ಆ ರಾತ್ರಿಯ ಫೋನ್ ಸಲಹೆಗೆ ಸೇವಾ ಶುಲ್ಕದ ಬಿಲ್ಲು. ಬಿಲ್ಲನ್ನು ಹಿಂದಕ್ಕೆ ಕಳಿಸಿದ್ದೇನೆ, ಮುಂದಿನ ಖರೀದಿ ಆದೇಶದ ಕರಡಿನಿಂದ ‘ಸಮಾನ ಅಥವಾ ಮೇಲ್ದರ್ಜೆಯ’ ಎಂಬ ಪದಗಳನ್ನು ಹೊಡೆದುಹಾಕಿ, ಆ ಜಾಗದಲ್ಲಿ ಪ್ರೊಸೆಸರಿನ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದಿದ್ದೇನೆ.