ಮೊದ್ಲು ನಿನ್ ರೂಮಿನ ಫ್ಯಾನ್ ಆಫ್ ಮಾಡು!

ನಿನ್ನೆ ಮುಂಬೈನ ಮಾಟುಂಗಾದಲ್ಲಿ ಸತ್ಯನಾರಾಯಣ ಪೂಜೆ, ಪ್ರಸಾದ ಇನ್ನೂ ಬಾಯಿಗಿಟ್ಟಿಲ್ಲ, ದೊಡ್ಡಪ್ಪ ಶುರು ಹಚ್ಕೊಂಡ್ರು: "ಏನಮ್ಮಾ, ಇಲ್ಲಿನ ಆರೇ ಕಾಡು ಉಳಿಸೋಕೆ ಬೋರ್ಡ್ ಹಿಡ್ದಿದ್ಯಲ್ಲ, ಕೈಲಿರೋ ಫೋನ್ ಯಾವ ಮರದಲ್ಲಿ ಬೆಳೀತು? ಮೊದ್ಲು ನಿನ್ ರೂಮಿನ ಫ್ಯಾನ್ ಆಫ್ ಮಾಡು!"

ನಾನು ಹೋಗಿದ್ದು ಒಂದೇ ಸಲ, 2019ರಲ್ಲಿ! ಆ ಅಕ್ಟೋಬರಲ್ಲಿ ಮೆಟ್ರೋ 3ರ ಕಾರ್‌ಶೆಡ್ಡಿಗೆ, ಅಂದ್ರೆ ರೈಲು ನಿಲ್ಸೋ ಜಾಗಕ್ಕೆ ಅಂತ, ರಾತ್ರೋರಾತ್ರಿ ಗರಗಸ ಶುರುವಾಗಿ 2,000ಕ್ಕೂ ಹೆಚ್ಚು ಮರ ಉರುಳಿದ್ವು, ಅದು ಕಾಣಲ್ಲ, ಡೊಂಬಿವಿಲಿಯ ನನ್ ರೂಮಿನ ಫ್ಯಾನ್ ಮಾತ್ರ ಮಾಟುಂಗಾವರೆಗೂ ಕಾಣುತ್ತೆ. ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ 15ನೇ ವಯಸ್ಸಲ್ಲಿ ಸ್ವೀಡನ್ ಪಾರ್ಲಿಮೆಂಟ್ ಮುಂದೆ ಕೂತ್ರೆ "ಶಾಲೆಗೆ ಹೋಗು", ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿದ್ರೆ "ನಾಟಕ", ವಿಮಾನ ಹತ್ತಿದ್ರೆ ಇನ್ನೇನಂತಿದ್ರೋ! ಈಜ್ಕೊಂಡು ಹೋಗ್ಬೇಕಿತ್ತಾ? ನಾವು ಉಸಿರು ಬಿಟ್ರೂ ಕಾರ್ಬನ್ನೇ ಅಲ್ವಾ, ಅದನ್ನೂ ನಿಲ್ಲಿಸ್ಲಾ ದೊಡ್ಡಪ್ಪಾ?

ಇಷ್ಟೆಲ್ಲಾ ಉಪದೇಶ ಎಲ್ಲಿಂದ ಅಂತೀರಿ, ಎಸಿ 18ಕ್ಕಿಟ್ಟು, ಶಾಲು ಹೊದ್ದು, ಥರ್ಮೋಕೋಲ್ ತಟ್ಟೆಯಲ್ಲಿ ಎರಡನೇ ಸಲ ಪಾಯಸ ಹಾಕಿಸ್ಕೊಂಡು! ಲೋಕಲ್‌ನಲ್ಲಿ ನೇತಾಡ್ಕೊಂಡು ಬಂದ ನಾನು ಪರಿಸರದ ಶತ್ರು, ಆರು ಸೀಟಿನ ಕಾರಲ್ಲಿ ಒಬ್ರೇ ಬಂದ ಇವ್ರು ಋಷಿಮುನಿ. ಹೊರಡೋವಾಗ ಕೆಳಗೆ ಡ್ರೈವರ್‌ಗೆ ಫೋನು: "ಗಾಡಿ ಶುರು ಮಾಡಿ ಇಡಪ್ಪಾ, ಒಳಗೆ ತಣ್ಣಗಾಗ್ಲಿ, ಹತ್ತು ನಿಮಿಷದಲ್ಲಿ ಬಂದೆ." ಬಂದಿದ್ದು ಮುಕ್ಕಾಲು ಗಂಟೆಗೆ.