ಪ್ರಧಾನಿ ಸೀಟಿಗೆ ಟವೆಲ್ ಹಾಕಿದವರು ಯಾರು?

ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಒಂದು ಕಾನೂನಿದೆ. ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದವನದೇ ಸೀಟು. ಬಾಗಿಲಲ್ಲಿ ಗುದ್ದಾಡಿ ಹತ್ತಿ, ಟಿಕೆಟ್ ತಗೊಂಡು, ಊರು ಮುಟ್ಟುವತನಕ ಕೂತವನನ್ನೂ "ಏಳ್ರೀ, ಟವೆಲ್ ಕಾಣ್ಲಿಲ್ವಾ?" ಅಂತ ಎಬ್ಬಿಸಬಹುದು.

ಈ ಕಾನೂನು ಈಗ ದೆಹಲಿಯ ಕುರ್ಚಿಗೂ ಬಂದಿದೆ. ನಮ್ಮ ಬೀದಿಯ ರಾಯರು ಮೊನ್ನೆ ಪಾರ್ಕಿನ ಬೆಂಚಿನ ಮೇಲೆ ಮಂಕಿ ಕ್ಯಾಪ್ ಸರಿ ಮಾಡಿಕೊಳ್ಳುತ್ತಾ ಘೋಷಿಸಿದರು. "ದೇಶದ ಮೊದಲ ಪ್ರಧಾನಿ ನೆಹರೂ ಅಲ್ಲ ಕಣ್ರೀ, ಸುಭಾಷ್ ಚಂದ್ರ ಬೋಸ್. ಇಷ್ಟು ವರ್ಷ ನಮ್ಮಿಂದ ಮುಚ್ಚಿಟ್ಟಿದ್ರು." ರಾಯರೊಬ್ಬರೇ ಅಲ್ಲ. ಶಾಸಕರು ಹೇಳಿದ್ದಾರೆ, ಸಿನಿಮಾದವರು ಹೇಳಿದ್ದಾರೆ, ರಾಯರ ಮೊಬೈಲಂತೂ ದಿನಾ ಬೆಳಿಗ್ಗೆ ಹೇಳುತ್ತದೆ.

ಮುಚ್ಚಿಟ್ಟಿದ್ದೇನೂ ಇಲ್ಲ. 1943ರ ಅಕ್ಟೋಬರ್ 21ರಂದು ಸಿಂಗಾಪುರದ ಕ್ಯಾಥೆ ಚಿತ್ರಮಂದಿರದಲ್ಲಿ ನೇತಾಜಿ ಸರ್ಕಾರ ಘೋಷಿಸಿದರು. ಪ್ರಧಾನಿ ಅವರೇ, ಯುದ್ಧ ಖಾತೆ, ವಿದೇಶಾಂಗ ಖಾತೆಯೂ ಅವರದೇ. ಜಪಾನ್, ಜರ್ಮನಿ, ಇಟಲಿ ಸೇರಿ ಕೆಲವು ದೇಶಗಳು ಮಾನ್ಯತೆ ಕೊಟ್ಟವು. ಈ ಪಾಠ ಮಾಡಿದ ದಿನ ರಾಯರು ಸ್ಕೂಲಿಗೆ ಚಕ್ಕರ್ ಹೊಡೆದಿದ್ದರೋ ಏನೋ.

ಆ ಸರ್ಕಾರದ ಹೆಸರು 'ಆರ್ಜಿ ಹುಕೂಮತೆ ಆಜಾದ್ ಹಿಂದ್'. ಅರ್ಜಿ ಅಂದರೆ ನಮಗೆ ತಾಲ್ಲೂಕು ಕಚೇರಿಯಲ್ಲಿ ಕೊಟ್ಟು ಮರೆಯುವ ಕಾಗದ. ಅಲ್ಲಿ ಆರ್ಜಿ ಅಂದರೆ ತಾತ್ಕಾಲಿಕ. ಬ್ರಿಟಿಷರು ಹೊರಟ ಮೇಲೆ ಜನರ ಇಷ್ಟದಂತೆ ಕಾಯಂ ಸರ್ಕಾರ ಬರಬೇಕು ಅಂತ ಘೋಷಣೆಯಲ್ಲೇ ಇದೆ. ಅಂದರೆ ಟವೆಲ್ ಹಾಕಿದವರೇ ಅದರ ಮೇಲೆ 'ತಾತ್ಕಾಲಿಕ' ಅಂತ ಬರೆದಿದ್ದರು. ಹೋಗಲಿ, ನೇತಾಜಿಗೆ ನೆಹರೂ ಮೇಲೆ ಅಷ್ಟು ಸಿಟ್ಟಿತ್ತಾ? ತಮ್ಮ ಸೇನೆಯ ಒಂದು ಬ್ರಿಗೇಡಿಗೆ ಇಟ್ಟ ಹೆಸರೇ ನೆಹರೂ ಬ್ರಿಗೇಡ್! 1945ರಲ್ಲಿ ಆ ಸೇನೆಯ ಅಧಿಕಾರಿಗಳನ್ನು ಕೆಂಪುಕೋಟೆಯಲ್ಲಿ ವಿಚಾರಣೆಗೆ ನಿಲ್ಲಿಸಿದಾಗ, ಎಷ್ಟೋ ವರ್ಷದ ಹಿಂದೆ ಬಿಟ್ಟಿದ್ದ ಕರಿಕೋಟು ಹಾಕಿಕೊಂಡು ವಕೀಲರ ಸಾಲಿನಲ್ಲಿ ಕೂತವರಲ್ಲಿ ಈ ನೆಹರೂ ಕೂಡ ಒಬ್ಬರು. ಅವರಿಬ್ಬರ ನಡುವೆ ಜಗಳ ಇದ್ದಿದ್ದು ನಿಜ. ಆದರೆ ಈ ಸೀಟಿಗಲ್ಲ.

ಟವೆಲ್ ಕಾನೂನಿನ ಪ್ರಕಾರ ಹೋದರೆ ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರಿನವರೂ ಬಂದು ನಿಲ್ಲಬಹುದು. ಸಿಂಗಾಪುರಕ್ಕಿಂತ ಒಂದು ವರ್ಷ ಮೊದಲೇ, 1942ರಲ್ಲಿ, ಅವರು ಸ್ವತಂತ್ರ ಸರ್ಕಾರ ಮಾಡಿಕೊಂಡಿದ್ದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿದ್ದರು. ಪ್ರಧಾನಿ ಅಂತ ಒಬ್ಬ ಹುಡುಗನನ್ನು ಕೂರಿಸಿಬಿಟ್ಟಿದ್ದರೆ ಇವತ್ತು ದೊಡ್ಡ ಕಷ್ಟ ಆಗುತ್ತಿತ್ತು. ಆ ಊರಿನ ಐವರು ಆಮೇಲೆ ನೇಣಿಗೇರಿದರು. ಕುರ್ಚಿಯ ಲೆಕ್ಕ ಇಡಲು ಅವರಿಗೆ ಪುರಸೊತ್ತು ಇರಲಿಲ್ಲ.

ಈ ರೋಗ ನಮ್ಮ ರಾಜ್ಯಕ್ಕೂ ಹಳೆಯದೇ. ಮೊದಲ ಮುಖ್ಯಮಂತ್ರಿ ಯಾರು ಅಂತ ಕ್ವಿಜ್‌ನಲ್ಲಿ ಕೇಳಿ ನೋಡಿ. ಒಬ್ಬ 1947ರ ಕೆ.ಸಿ. ರೆಡ್ಡಿ ಅನ್ನುತ್ತಾನೆ. ಇನ್ನೊಬ್ಬ ಅದು ಹಳೇ ಮೈಸೂರು, ಏಕೀಕರಣದ ನಂತರ 1956ರಲ್ಲಿ ಬಂದ ನಿಜಲಿಂಗಪ್ಪನವರೇ ಮೊದಲು ಅನ್ನುತ್ತಾನೆ. ಹಿಂದಿನ ಸಾಲಿನ ಕಿಲಾಡಿ ಎದ್ದು, 'ಕರ್ನಾಟಕ' ಅಂತ ಹೆಸರು ಬಂದಿದ್ದೇ 1973ರಲ್ಲಿ, ಹಾಗಾಗಿ ದೇವರಾಜ ಅರಸು ಅನ್ನುತ್ತಾನೆ. ಮೂವರಿಗೂ ಒಂದು ಮಾರ್ಕ್ ಕೊಟ್ಟು ಕೂರಿಸಬೇಕು. ಕೂರುವುದಿಲ್ಲ, ಅದು ಬೇರೆ ಮಾತು.

ಇದನ್ನೆಲ್ಲ ರಾಯರಿಗೆ ಹೇಳಲಿಲ್ಲ. ಸುಮ್ನೆ ಒಂದೇ ಮಾತು ಕೇಳಿದೆ. "ದೇಶದ ಹೊರಗೆ ಕಟ್ಟಿದ ಸರ್ಕಾರವೂ ಲೆಕ್ಕಕ್ಕೆ ಬರುತ್ತೆ, ಮೊದಲು ಯಾರು ಟವೆಲ್ ಹಾಕಿದರೋ ಅವರೇ ಪ್ರಧಾನಿ. ಅಲ್ವಾ ರಾಯರೇ?"

"ಬರಲೇಬೇಕು! ಮೊದಲು ಅಂದ್ರೆ ಮೊದಲು!"

"ಹಾಗಾದರೆ ಬೋಸ್ ಅಲ್ಲ. 1915ರ ಡಿಸೆಂಬರ್ 1ರಂದು ಕಾಬೂಲಿನಲ್ಲಿ ಒಂದು ತಾತ್ಕಾಲಿಕ ಭಾರತ ಸರ್ಕಾರ ಘೋಷಣೆ ಆಯಿತು. ಸಿಂಗಾಪುರಕ್ಕಿಂತ ಇಪ್ಪತ್ತೆಂಟು ವರ್ಷ ಮೊದಲು."

ರಾಯರ ಕಣ್ಣು ಅರಳಿತು. ಮಂಕಿ ಕ್ಯಾಪ್ ಕಿವಿಯಿಂದ ಮೇಲೆ ಹೋಯಿತು. ಮೊಬೈಲ್ ಹೊರಗೆ ಬಂತು. "ನೋಡಿದ್ರಾ, ಇದನ್ನೂ ಮುಚ್ಚಿಟ್ಟಿದ್ರು! ಹೆಸರು ಹೇಳಿ, ಪ್ರಧಾನಿ ಯಾರು?"

"ಭೋಪಾಲದ ಮೌಲಾನಾ ಬರ್ಕತುಲ್ಲಾ."

ಮೊಬೈಲ್ ಮೇಲಿದ್ದ ಹೆಬ್ಬೆರಳು ಅಲ್ಲೇ ನಿಂತಿತು. ಪಾರ್ಕಿನ ಸ್ಪ್ರಿಂಕ್ಲರ್ ಎರಡು ಸುತ್ತು ಹಾಕುವಷ್ಟು ಹೊತ್ತು ರಾಯರು ಮಾತಾಡಲಿಲ್ಲ.

"ಅಲ್ಲಿ ರಾಷ್ಟ್ರಪತಿ ಅಂತ ಯಾರಾದ್ರೂ ಇದ್ರಾ?"

"ಇದ್ದರು. ರಾಜಾ ಮಹೇಂದ್ರ ಪ್ರತಾಪ್. ಅವತ್ತು ಅವರ ಹುಟ್ಟುಹಬ್ಬ ಕೂಡ."

"ಹ್ಞಾಂ, ಇದು ವಿಷಯ" ಎಂದು ರಾಯರು ಮತ್ತೆ ಟೈಪ್ ಮಾಡಲು ಶುರು ಮಾಡಿದರು. "ಅಂದ್ರೆ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಲ್ಲ ಅಂತಾಯ್ತು."

"ಮತ್ತೆ ಪ್ರಧಾನಿ?"

"ಪ್ರಧಾನಿ ವಿಷಯ ಸದ್ಯಕ್ಕೆ ನೆಹರೂನೇ ಇಟ್ಕೊಳ್ಳಲಿ ಬಿಡಿ" ಎಂದವರೇ ಸೆಂಡ್ ಒತ್ತಿದರು.